ಬಿಡಿಸೋ ಎಣ್ಣೆ, ನಿಲ್ಲೋ ಎಣ್ಣೆ

ಶಿವನಂಜಮ್ಮ ಚಮಚದಲ್ಲಿ ಊಟ ಮಾಡುತ್ತಿದ್ದರು. ಅನ್ನ ಸಾರಾದರೆ ಸರಿ, ರಾಗಿ ಮುದ್ದೆಯನ್ನೂ ಚಮಚದ ಅಂಚಿನಿಂದಲೇ ಮುರಿದು, ಸೊಪ್ಪಿನ ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟುಕೊಳ್ಳುತ್ತಿದ್ದರು. ಹೊಲಿಗೆ ಕೇಂದ್ರದ ಹುಡುಗಿಯರಾದ ನಾವು ಮೊದಮೊದಲು ಮುಖ ತಿರುಗಿಸಿಕೊಂಡು ನಗುತ್ತಿದ್ದೆವು. ನಂಜನಗೂಡಿನಿಂದ ಬಸ್ಸಿನಲ್ಲಿ ನಿಂತುಕೊಂಡು ಬರುವ, ಹವಾಯಿ ಚಪ್ಪಲಿಯ, ಮಾಸಿದ ಸೀರೆಯ ಹೆಂಗಸಿಗೆ ಇದೆಂಥ ದೊರೆಸಾನಿ ಶೋಕಿ ಎಂದು ಆಡಿಕೊಳ್ಳುತ್ತಿದ್ದೆವು. ಒಂದು ದಿನ ನಾನು ಬಾಯಿಬಿಟ್ಟು ಕೇಳಿಯೇಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿದರು.

"ಮೂಸಿ ನೋಡವ್ವ," ಎಂದರು.

ಮೂಸುವ ಅಗತ್ಯವೇ ಇರಲಿಲ್ಲ. ಸೀಮೆಎಣ್ಣೆಯ ವಾಸನೆ ಒಂದು ಮಾರು ದೂರಕ್ಕೆ ಬರುತ್ತಿತ್ತು. ಬೆರಳುಗಳ ತುದಿ ಬಿಸಿಲಿಗೆ ಒಣಗಿದ ಕೆರೆಯ ಅಂಗಳದ ಹಾಗೆ ಸೀಳಿಕೊಂಡಿತ್ತು. ಸೀಳಿನೊಳಗೆಲ್ಲ ಕಪ್ಪು ಕೂತಿತ್ತು.

"ಸೋಪು ಆಕಿದ್ರೆ ಉರೀತದೆ. ಆಕ್ದೇ ಓದ್ರೆ ನಾರ್ತದೆ. ಉಪ್ಪು ಕಾರ ತಗುಲಿದ್ರಂತೂ ಜೀವ ಓಗ್ತದೆ. ಅದ್ಕೇ ಚಮಚ."

ಅಂದಿನಿಂದ ನಾವು ನಗುವುದನ್ನು ನಿಲ್ಲಿಸಿದೆವು.

ನಾನು ತಲಕಾಡಿನವಳು. ದೇವಸ್ಥಾನದ ಕೆಲಸದಲ್ಲಿದ್ದ ಮನೆ ನಮ್ಮದು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಬೇಡ ಎಂದು ನನ್ನನ್ನು ತಿರುಮಕೂಡಲು ನರಸೀಪುರದ ಹೊಲಿಗೆ ಕೇಂದ್ರಕ್ಕೆ ಸೇರಿಸಿದ್ದರು. ಎಂಬತ್ತೊಂದನೇ ಇಸವಿ ಇರಬೇಕು. ಹೆಂಗಸರ ಸಂಘವೊಂದು ನಡೆಸುತ್ತಿದ್ದ ಕೇಂದ್ರ ಅದು. ಹೊಳೆಗೆ ಇಳಿಯುವ ಬೀದಿಯಲ್ಲಿ ಒಂದು ಹಳೇ ತೊಟ್ಟಿಮನೆ, ಅದರ ಪಡಸಾಲೆಯಲ್ಲಿ ಎರಡು ಸಾಲು ಮಿಷನ್ನು, ಒಟ್ಟು ಹನ್ನೆರಡು. ಮೇಡಂ ರಂಗನಾಯಕಿ ಅಂತ. ನರಸೀಪುರದವರೇ, ಅಯ್ಯಂಗಾರ್ ಮನೆತನ, ಮದುವೆ ಆಗಿರಲಿಲ್ಲ. ಮೂವತ್ತೈದು ದಾಟಿತ್ತು. ಅಚ್ಚುಕಟ್ಟು ಎಂದರೆ ಅಚ್ಚುಕಟ್ಟು. ನೆಲದ ಮೇಲೆ ಒಂದು ದಾರದ ಎಳೆ ಬಿದ್ದಿದ್ದರೂ ಯಾರದು ಎಂದು ಕೇಳುತ್ತಿದ್ದರು.

ಪ್ರತಿ ತಿಂಗಳ ಮೊದಲ ಮಂಗಳವಾರ ಮಿಷನ್ನುಗಳನ್ನು ನೋಡಲು ಶಿವನಂಜಮ್ಮ ಬರುತ್ತಿದ್ದರು. ಖಾಕಿ ಬಟ್ಟೆಯ ಒಂದು ಚೀಲ. ಅದರಲ್ಲಿ ಸ್ಕ್ರೂಡ್ರೈವರುಗಳು, ಒಂದು ಸ್ಪ್ಯಾನರು, ಹಲ್ಲುಜ್ಜಿ ಸವೆದ ಬ್ರಷ್ಷು, ಚಿಂದಿ ಬಟ್ಟೆ, ದೊಡ್ಡ ಸೀಸೆಯಲ್ಲಿ ಸೀಮೆಎಣ್ಣೆ, ಚಿಕ್ಕ ಸೀಸೆಯಲ್ಲಿ ಮಿಷನ್ ಎಣ್ಣೆ, ಮತ್ತೆ ಒಂದು ಕಟ್ಟು ಪಾರಿವಾಳದ ಪುಕ್ಕ. ನಂಜನಗೂಡಿನ ಗುಡಿಯ ಮಂಟಪದಲ್ಲಿ ಬಿದ್ದಿರುತ್ತಿದ್ದ ಪುಕ್ಕಗಳನ್ನು ಆಯ್ದು ತರುತ್ತಿದ್ದರು. ಬ್ರಷ್ಷು ಹೋಗದ ಸಂದಿಗೆ ಪುಕ್ಕದ ತುದಿ ಹೋಗುತ್ತಿತ್ತು.

ಈ ಕೆಲಸ ಅವರು ಆಸೆಪಟ್ಟು ಕಲಿತದ್ದಲ್ಲ. ಹುಟ್ಟಿದ್ದು ಕಳಲೆಯಲ್ಲಿ, ಬೇಸಾಯದ ಮನೆ. ಕೊಟ್ಟದ್ದು ನಂಜನಗೂಡಿನ ಗುರುಮಲ್ಲಪ್ಪನವರಿಗೆ. ಆತನಿಗೆ ಮಾರ್ಕೆಟ್ಟಿನ ಹತ್ತಿರ ಹೊಲಿಗೆ ಮಿಷನ್ ರಿಪೇರಿಯ ಸಣ್ಣ ಅಂಗಡಿ. ಸುತ್ತಲಿನ ಹಳ್ಳಿಯ ದರ್ಜಿಗಳೆಲ್ಲ ಮಿಷನ್ ಹೊತ್ತುಕೊಂಡು ಅಲ್ಲಿಗೇ ಬರುತ್ತಿದ್ದರು. ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಗುರುಮಲ್ಲಪ್ಪ ಮನೆಯಲ್ಲೇ ಬೋಗುಣಿಗೆ ಪೆಟ್ರೋಲು ಸುರಿದುಕೊಂಡು ಮಿಷನ್ನಿನ ಭಾಗಗಳನ್ನು ತೊಳೆಯುತ್ತ ಕೂತಿದ್ದರು. ಜಿಡ್ಡು ಬಿಡಿಸಲು ಪೆಟ್ರೋಲಿನಷ್ಟು ಬೇಗ ಇನ್ನೊಂದಿಲ್ಲ. ಪಕ್ಕದ ಕೋಣೆಯಲ್ಲಿ ಶಿವನಂಜಮ್ಮ ಕಾಫಿಗೆಂದು ಪಂಪ್ ಸ್ಟೌವ್ ಹಚ್ಚಿದರು. ಬೆಂಕಿ ನಡೆದು ಬಂದದ್ದನ್ನು ಯಾರೂ ಕಾಣಲಿಲ್ಲ. ನೆಲದ ಮೇಲೆ ಹರಿದಿದ್ದ ಪೆಟ್ರೋಲಿನ ಆವಿಗೆ ಅದು ಒಂದೇ ಉಸಿರಿಗೆ ಹತ್ತಿಕೊಂಡಿತು. ಬೋಗುಣಿಯೊಳಗಿದ್ದ ಕೈಗಳೆರಡೂ ಮಣಿಕಟ್ಟಿನವರೆಗೆ ಸುಟ್ಟವು.

ಮೈಸೂರಿನ ಆಸ್ಪತ್ರೆಯಲ್ಲಿ ಎರಡು ತಿಂಗಳು. ಮನೆಗೆ ಬಂದಾಗ ಗುರುಮಲ್ಲಪ್ಪನವರ ಬೆರಳುಗಳು ಒಳಕ್ಕೆ ಮಡಚಿಕೊಂಡು ಹಾಗೇ ನಿಂತುಬಿಟ್ಟಿದ್ದವು. ಲೋಟ ಹಿಡಿಯಲೂ ಎರಡೂ ಕೈ ಸೇರಿಸಬೇಕಿತ್ತು. ಅಂಗಡಿಯಲ್ಲಿ ಆರು ಮಿಷನ್ನು ಬಿಚ್ಚಿದ್ದು ಬಿಚ್ಚಿದ ಹಾಗೇ ಇತ್ತು. ಮಿಷನ್ನಿನವರು ದಿನಾ ಬಂದು ನಿಲ್ಲುತ್ತಿದ್ದರು. ಕೆಟ್ಟ ಮಾತಾಡುತ್ತಿರಲಿಲ್ಲ, ಸುಮ್ಮನೆ ಬಂದು ನಿಲ್ಲುತ್ತಿದ್ದರು. ಹಾಗೆ ನಿಲ್ಲುವುದನ್ನು ನೋಡಲಾರದೆ ಒಂದು ದಿನ ಶಿವನಂಜಮ್ಮ ನೆಲದ ಮೇಲೆ ಚಾಪೆ ಹಾಸಿ, ಮೊದಲನೇ ಮಿಷನ್ನನ್ನು ಎದುರಿಗೆ ಇಟ್ಟುಕೊಂಡು, "ಏಳ್ಕೊಡಿ," ಎಂದು ಗಂಡನಿಗೆ ಹೇಳಿದರಂತೆ.

ಆತ ಮಣೆಯ ಮೇಲೆ ಕೂತು ಬಾಯಲ್ಲಿ ಹೇಳುವುದು, ಈಕೆ ಕೈಯಲ್ಲಿ ಮಾಡುವುದು. ಎಡಕ್ಕೆ ತಿರುಗಿಸು ಎಂದರೆ ಯಾರ ಎಡ ಎಂದು ತಿಳಿಯುತ್ತಿರಲಿಲ್ಲ. ಆತ ಕೂಗಾಡುವುದು, ಈಕೆ ಅಳುವುದು, ಅಳುತ್ತಲೇ ಸ್ಕ್ರೂ ತಿರುಗಿಸುವುದು. ಮೊದಲನೆಯ ಮಿಷನ್ ಜೋಡಿಸಲು ಹನ್ನೊಂದು ದಿನ ಹಿಡಿಯಿತು. ಆರನೆಯದಕ್ಕೆ ಎರಡು ದಿನ. ಆಮೇಲೆ ಆತ ಬರೀ ನೋಡುತ್ತ ಕೂರುತ್ತಿದ್ದರು. ಪೆಟ್ರೋಲು ಮಾತ್ರ ಆ ಮನೆಯ ಹೊಸ್ತಿಲು ಮತ್ತೆ ದಾಟಲಿಲ್ಲ. ಎಲ್ಲಕ್ಕೂ ಸೀಮೆಎಣ್ಣೆಯೇ. ಪೆಟ್ರೋಲು ಅರ್ಧ ಗಂಟೆಯಲ್ಲಿ ಮಾಡುವುದನ್ನು ಸೀಮೆಎಣ್ಣೆ ಅರ್ಧ ದಿನ ತೆಗೆದುಕೊಳ್ಳುತ್ತಿತ್ತು, ಅದೂ ಕೈ ನೋಯುವಷ್ಟು ಉಜ್ಜಿದರೆ. ಸೊಸೈಟಿಯಲ್ಲಿ ಕಾರ್ಡಿಗೆ ಕೊಡುತ್ತಿದ್ದ ಸೀಮೆಎಣ್ಣೆಯೆಲ್ಲ ಮಿಷನ್ನಿಗೇ ಬೇಕಾಗಿ, ಅಡುಗೆ ಸೌದೆ ಒಲೆಗೆ ಹೋಯಿತು.

ಬರಬರುತ್ತ ಅಂಗಡಿಗೆ ಬರುವವರು ಕಡಿಮೆಯಾದರು. ಹೆಂಗಸಿನ ಕೈಗೆ ಮಿಷನ್ ಕೊಡಲು ಕೆಲವು ದರ್ಜಿಗಳಿಗೆ ಮನಸ್ಸಿರಲಿಲ್ಲ. ಆದರೆ ಹೆಂಗಸರ ಸಂಘಗಳಿಗೆ, ಹೊಲಿಗೆ ಕಲಿಸುವ ಮನೆಗಳಿಗೆ ಇವರೇ ಬೇಕಾದರು. ಹಾಗಾಗಿ ಚೀಲ ಹಿಡಿದು ಬಸ್ಸು ಹತ್ತುವುದು ಶುರುವಾಯಿತು. ಬದನವಾಳು ಒಂದು ದಿನ, ಕಳಲೆ ಒಂದು ದಿನ, ನರಸೀಪುರ ಒಂದು ದಿನ. ಬೆಳಿಗ್ಗೆ ಗಂಡನಿಗೆ ಸ್ನಾನ ಮಾಡಿಸಿ, ಉಣ್ಣಿಸಿ, ಮಧ್ಯಾಹ್ನಕ್ಕೆ ಪಕ್ಕದ ಮನೆಯವರಿಗೆ ಹೇಳಿ ಹೊರಡುತ್ತಿದ್ದರು. ಸಂಜೆ ಬಂದು ಮತ್ತೆ ಅದೇ.

ನಮ್ಮ ಕೇಂದ್ರದ ಮಿಷನ್ನುಗಳಿಗೆ ರೋಗ ಒಂದೇ. ಹಿಂದಿದ್ದ ಮೇಡಂ ಕಾಲದಲ್ಲಿ ಕೈಗೆ ಸಿಕ್ಕ ಎಣ್ಣೆ ಬಿಡುತ್ತಿದ್ದರು. ಕೊಬ್ಬರಿ ಎಣ್ಣೆ ಬಿಟ್ಟಿದ್ದು ಮಾಗಿಯ ಚಳಿಗೆ ಗಟ್ಟಿಯಾಗುತ್ತಿತ್ತು. ಹುಚ್ಚೆಳ್ಳೆಣ್ಣೆ ಬಿಟ್ಟಿದ್ದು ಹಲಸಿನ ಮೇಣದ ಹಾಗೆ ಅಂಟಾಗಿ ಕೂರುತ್ತಿತ್ತು. "ಒಗ್ಗರಣೆ ಎಣ್ಣೆ ಒಟ್ಟೆಗೆ, ಮಿಷನ್ ಎಣ್ಣೆ ಮಿಷನ್ಗೆ," ಎಂದು ಶಿವನಂಜಮ್ಮ ಪ್ರತಿ ಸಲವೂ ಹೇಳುತ್ತಿದ್ದರು. ಕೇಳಿಸಿಕೊಂಡು ನಾವು ತಲೆಯಾಡಿಸುತ್ತಿದ್ದೆವು. ಮಾಡುತ್ತಿರಲಿಲ್ಲ. ತಿಂಗಳಿಗೊಮ್ಮೆ ಹೇಗೂ ಅವರು ಬರುತ್ತಾರಲ್ಲ.

ಎರಡನೇ ವರ್ಷ ಆಷಾಢದಲ್ಲಿ ಹೊಳೆ ಬೀದಿಗೆ ಬಂತು. ಮೇಲೆ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರು. ಕಾವೇರಿಯೂ ತುಂಬಿತ್ತು, ಕಪಿಲೆಯೂ ತುಂಬಿತ್ತು, ಎರಡೂ ಕೂಡುವ ಊರು ನರಸೀಪುರ. ತೊಟ್ಟಿಮನೆಯಲ್ಲಿ ಸೊಂಟ ಮುಳುಗುವಷ್ಟು ನೀರು ಎರಡು ದಿನ ನಿಂತಿತ್ತು. ಇಳಿದ ಮೇಲೆ ಹೋಗಿ ನೋಡಿದರೆ ಹನ್ನೆರಡು ಮಿಷನ್ನೂ ಕೆಸರಿನ ಗುಪ್ಪೆಗಳಾಗಿದ್ದವು. ರಂಗನಾಯಕಿ ಮೇಡಂ ಬಾಗಿಲಲ್ಲೇ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ನಂಜನಗೂಡಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಹೇಳಿಕಳಿಸಿದರು.

ಶಿವನಂಜಮ್ಮ ಮಾರನೆಯ ದಿನ ಮೊದಲ ಬಸ್ಸಿಗೇ ಬಂದರು. ಗಂಡನನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಮೂರು ದಿನ ಇದ್ದರು. ಮೊದಲು ಬಾವಿಯ ನೀರಲ್ಲಿ ಕೆಸರು ತೊಳೆಸಿದರು. "ನೀರಿಂದ ಕೆಟ್ಟಿದ್ದನ್ನ ನೀರಲ್ಲೇ ತೊಳೀಬೇಕಾ?" ಎಂದು ನಾನು ಕೇಳಿದೆ. "ಮಣ್ಣು ಓಗ್ಬೇಕಲ್ಲವ್ವ, ಮರಳು ಒಳಗೆ ಕುಂತ್ರೆ ಅಲ್ಲು ಕಡ್ದಂಗೆ ಕಡೀತದೆ," ಎಂದರು. ಬಿಸಿಲಿಗೆ ಒಣಗಿಸಿ, ಒಂದೊಂದನ್ನೂ ಬಿಚ್ಚಿ, ಪುಕ್ಕದಲ್ಲಿ ಸೀಮೆಎಣ್ಣೆ ಹಚ್ಚಿ, ಕಾದು, ಮರದ ತುಂಡಿನಿಂದ ಮೆಲ್ಲಗೆ ತಟ್ಟಿ, ಮತ್ತೆ ಹಚ್ಚಿ. ಮೂರನೆಯ ದಿನದ ಸಂಜೆಗೆ ಏಳು ಮಿಷನ್ ಓಡಿದವು. ಐದು ಅಲ್ಲಾಡಲಿಲ್ಲ. ತುಕ್ಕು ಆಗಲೇ ಕಚ್ಚಿಕೊಂಡಿತ್ತು. ಶಿವನಂಜಮ್ಮನ ಹೆಬ್ಬೆರಳ ಸೀಳು ಬಾಯಿಬಿಟ್ಟು ರಕ್ತ ಬರುತ್ತಿತ್ತು. ಅದಕ್ಕೊಂದು ಚಿಂದಿ ಸುತ್ತಿಕೊಂಡು, ಆ ಐದಕ್ಕೂ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ತುರುಕಿ, "ಎಂಟು ದಿನ ಇಂಗೇ ಇರ್ಲಿ. ಬತ್ತೀನಿ," ಎಂದು ಹೊರಟರು. ಬಸ್ಸಿನ ಮೆಟ್ಟಿಲು ಹತ್ತುವಾಗ ಮಂಡಿಯ ಮೇಲೆ ಕೈ ಊರಿ ಹತ್ತಿದರು. ಅವರಿಗೆ ಆಗ ನಲವತ್ತು ಇನ್ನೂ ತುಂಬಿರಲಿಲ್ಲ.

ಆ ಎಂಟು ದಿನದೊಳಗೆ ರಂಗನಾಯಕಿ ಮೇಡಂ ಅಣ್ಣ ಸೀತಾರಾಮ ಕುವೈತಿನಿಂದ ರಜಕ್ಕೆ ಬಂದರು. ಅಲ್ಲಿ ಯಾವುದೋ ವರ್ಕ್‌ಷಾಪಿನಲ್ಲಿ ಕೆಲಸ. ತಂಗಿಯ ಗೋಳು ಕೇಳಿ, ಪೆಟ್ಟಿಗೆಯಿಂದ ಒಂದು ಉದ್ದನೆಯ ತಗಡಿನ ಡಬ್ಬಿ ತೆಗೆದುಕೊಂಡು ಕೇಂದ್ರಕ್ಕೆ ಬಂದರು. ಡಬ್ಬಿಯ ತಲೆಗೆ ಕಡ್ಡಿಯಷ್ಟು ಸಣ್ಣ ಕೊಳವೆ ಸಿಕ್ಕಿಸಿ ಒತ್ತಿದರೆ 'ಸುಂಯ್' ಎಂದು ಎಣ್ಣೆ ಹಾರುತ್ತಿತ್ತು. ಐದೂ ಮಿಷನ್ನಿನ ಸಂದುಗೊಂದಿಗಳಿಗೆ ಹೊಡೆದರು. ಕಾಫಿ ಕುಡಿದು ಬಂದು ಚಕ್ರ ಹಿಡಿದು ಅಲ್ಲಾಡಿಸಿದರು. ನಾಲ್ಕು ತಿರುಗಿದವು. ಐದನೆಯದಕ್ಕೆ ಇನ್ನೊಂದು ಸಲ ಹೊಡೆದರು, ಅದೂ ತಿರುಗಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಣ್ಣ ಹೊರಡುವಾಗ ಇನ್ನೆರಡು ಡಬ್ಬಿ ತಂಗಿಗೆ ಕೊಟ್ಟು ಹೋದರು.

ಒಂಬತ್ತನೆಯ ದಿನ ಶಿವನಂಜಮ್ಮ ಬಂದರು. ಚೀಲ ಕೆಳಗಿಟ್ಟು, ಐದನೇ ಮಿಷನ್ನಿನ ಚಕ್ರಕ್ಕೆ ಬೆರಳು ಸೋಕಿಸಿದರು. ಅದು ತಾನಾಗಿ ತಿರುಗಿತು. ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

"ಎಷ್ಟೊತ್ತು ಇಡೀತು?" ಎಂದು ಕೇಳಿದರು.

"ಅರ್ಧ ಗಂಟೆ," ಎಂದರು ಮೇಡಂ. ಅಣ್ಣ ತಂದ ಡಬ್ಬಿಯ ಸಂಗತಿಯನ್ನೂ ಖುಷಿಯಲ್ಲೇ ಹೇಳಿದರು, ಹಂಗಿಸಬೇಕೆಂದಲ್ಲ.

ಶಿವನಂಜಮ್ಮ ತೊಟ್ಟಿಯ ಅಂಚಿನಲ್ಲಿ ಕೂತುಕೊಂಡರು. ಡಬ್ಬಿ ನೋಡಬೇಕು ಎಂದರು. ಕೊಟ್ಟೆವು. ಬೆರಳಿಗೆ ಒಂಚೂರು ಹೊಡೆದುಕೊಂಡು, ಮೂಸಿ, ಹೆಬ್ಬೆರಳಲ್ಲಿ ತಿಕ್ಕಿ, ತಿಕ್ಕುತ್ತಲೇ ಇದ್ದರು. ತುಂಬ ಹೊತ್ತು ತಿಕ್ಕಿದರು.

"ಸೀಮೆಎಣ್ಣೆ ಒಡಹುಟ್ಟು ಇದು," ಎಂದರು. "ಒಳ್ಳೇದೇ. ಒಳ್ಕೆ ಓಗ್ತದೆ, ನೀರ್ ಓಡಿಸ್ತದೆ. ಆದ್ರೆ ಕೈಯಾಗೆ ನಿಲ್ತಾ ಇಲ್ಲ. ಮೇಲೊಂದೀಟು ಮಿಷನ್ ಎಣ್ಣೆ ಬುಡ್ಬೇಕಾಯ್ತದೆ, ಅಮ್ಮಾವ್ರೆ."

ಮೇಡಂ ಡಬ್ಬಿ ತೆಗೆದುಕೊಂಡು ಕನ್ನಡಕ ಸರಿಮಾಡಿಕೊಂಡರು. "ಇಲ್ಲಿ ಬರ್ದಿದಾರಲ್ಲ ಶಿವನಂಜಮ್ಮ. ತುಕ್ಕು ಬಿಡ್ಸುತ್ತೆ, ಕಿರ್ ಅನ್ನೋದು ನಿಲ್ಸುತ್ತೆ, ನೀರು ಓಡ್ಸುತ್ತೆ, ಎಣ್ಣೆ ಕೆಲ್ಸನೂ ಮಾಡುತ್ತೆ ಅಂತ. ಎಲ್ಲಾ ಇಂಗ್ಲಿಷ್‌ನಲ್ಲಿದೆ."

"ಬರ್ದಿದ್ರೆ ಸರಿ ಬುಡಿ," ಎಂದರು ಶಿವನಂಜಮ್ಮ.

ಆಮೇಲೆ ಮೇಡಂ ತುಸು ಅಳುಕುತ್ತಲೇ ಹೇಳಿದರು. "ನಿಮಗೂ ಬಸ್ಸಲ್ಲಿ ಓಡಾಡಿ ಓಡಾಡಿ ಸುಸ್ತು. ಇನ್ಮೇಲೆ ತಿಂಗಳು ತಿಂಗಳು ಬರೋದು ಬೇಡ. ಏನಾದ್ರೂ ಮುರಿದು ಹೋದ್ರೆ ಒಂದು ಕಾರ್ಡ್ ಬರೀತೀನಿ."

ಅಂದು ಬಸ್ ಸ್ಟ್ಯಾಂಡಿನವರೆಗೆ ನಾನು ಅವರ ಜೊತೆ ಹೋದೆ. ನನ್ನ ತಲಕಾಡಿನ ಬಸ್ಸೂ ಅಲ್ಲೇ ನಿಲ್ಲುತ್ತಿದ್ದದ್ದು. ಕಲ್ಲುಬೆಂಚಿನ ಮೇಲೆ ಕೂತರು. ಏನಾದರೂ ಸಮಾಧಾನ ಹೇಳಬೇಕು ಅನಿಸಿತು.

ಅವರೇ ಅಂದರು: "ಒಟ್ಟೆ ಉರೀಬೇಕು ಕಣವ್ವ ನಂಗೆ. ಮೂರು ದಿನ ಬೆನ್ನು ಮುರ್ಕೊಂಡಿವ್ನಿ. ಆದ್ರೆ ಉರೀತಾ ಇಲ್ಲ. ನಿದ್ದೆ ಬತ್ತಾ ಅದೆ."

ಹೇಳಿ, ನಿಜವಾಗಿಯೂ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಬಸ್ಸು ಬಂದಾಗ ನಾನೇ ಎಬ್ಬಿಸಿದೆ.

ಮನೆಯಲ್ಲಿ ಗುರುಮಲ್ಲಪ್ಪ ಕೂಗಾಡಿದರಂತೆ. ಇದನ್ನೆಲ್ಲ ಆಮೇಲೆ ಶಿವನಂಜಮ್ಮನವರೇ ನನಗೆ ಹೇಳಿದ್ದು. "ಲೇ ನಂಜಿ, ಒಂದು ತಗಡಿನ ಡಬ್ಬಿ ನಿನ್ನ ಎಂಟು ವರ್ಸ ತಿಂದಾಕ್ತಲ್ಲೇ! ಓಗಿ ಬಡ್ದಾಡ್ಬೇಕಾಗಿತ್ತು ನೀನು." ಈಕೆ, "ಬಡ್ದಾಡಕೆ ಕೈ ಬೇಕಲ್ಲ," ಎಂದರಂತೆ. ಅಂದ ಮೇಲೆ ಅದು ಯಾರ ಕೈಯ ಮಾತು ಎಂದು ಇಬ್ಬರಿಗೂ ಹೊಳೆಯಿತಂತೆ.

ಇತ್ತ ಕೇಂದ್ರದಲ್ಲಿ ಡಬ್ಬಿಯ ರಾಜ್ಯಭಾರ ನಡೆಯಿತು. ಸುಳ್ಳು ಹೇಳಬಾರದು, ಅದು ಮಾಡಿದ ಒಳ್ಳೆಯ ಕೆಲಸ ಬಹಳ. ಪ್ರವಾಹ ಬಂದಾಗಿನಿಂದ ತೆರೆಯದೇ ಇದ್ದ ಬೀರುವಿನ ಬೀಗ ತೆರೆದುಕೊಂಡಿತು. ಹಿತ್ತಿಲ ಬಾಗಿಲಿನ ಕೀಲು ಕಿರುಗುಟ್ಟುವುದು ನಿಂತಿತು. ಒದ್ದೆಯಾಗಿ ಕೈಕೊಟ್ಟಿದ್ದ ಮೇಡಂ ಅವರ ಟಾರ್ಚು ಹತ್ತಿತು. ಬೆಸೆದುಕೊಂಡಿದ್ದ ಕತ್ತರಿಗಳು ಬಿಟ್ಟವು. ಹೊಸ ಸ್ಟೀಲು ಲೋಟಕ್ಕೆ ಅಂಟಿದ್ದ ಚೀಟಿಯ ಗೋಂದು ಒಂದೇ ಒರೆಸಿಗೆ ಬಂತು. ಇಷ್ಟೆಲ್ಲ ಮಾಡಿದ್ದನ್ನು ಕಂಡ ಮೇಲೆ ಮಿಷನ್ನಿಗೂ ಅದೇ ಸಾಕೆಂದು ಮೇಡಂಗೆ ಅನಿಸಿದರೆ ಏನಾಶ್ಚರ್ಯ? ಪ್ರತಿ ಶನಿವಾರ ಹನ್ನೆರಡಕ್ಕೂ ಹೊಡೆಸಿದರು. ಮಿಷನ್ ಎಣ್ಣೆಯ ಸೀಸೆ ಬೀರುವಿನ ಮೂಲೆಗೆ ಹೋಯಿತು.

ಒಂದು ತಿಂಗಳು ಬೆಣ್ಣೆಯಂತೆ ಓಡಿದವು. ದಸರಾ ಕಳೆಯುವಷ್ಟರಲ್ಲಿ ಕಟಕಟ ಶುರುವಾಯಿತು. ಹೊಡೆದರೆ ಒಂದು ಗಂಟೆ ಸದ್ದಿಲ್ಲ, ಆಮೇಲೆ ಮತ್ತೆ ಕಟಕಟ. ಪೆಡಲ್ ತುಳಿಯಲು ತೊಡೆ ನೋಯುತ್ತಿತ್ತು. ಬೆಲ್ಟು ಕಿರುಗುಟ್ಟುತ್ತದೆ ಎಂದು ಮೇಡಂ ತೊಗಲಿನ ಬೆಲ್ಟಿಗೂ ಹೊಡೆಸಿದರು. ಅದು ಜಾರಲು ಶುರುಮಾಡಿತು. ಕೆಳಗೆ ದೊಡ್ಡ ಚಕ್ರ ತಿರುಗುತ್ತದೆ, ಮೇಲೆ ಮಿಷನ್ ನಿಂತೇ ಇರುತ್ತದೆ. ಒಂದು ಶಾಲೆಯ ಯೂನಿಫಾರಂ ಹೊಲಿಗೆಗೆ ಒಪ್ಪಿಕೊಂಡಿದ್ದೆವು. ಬಿಳಿ ಷರ್ಟಿನ ಎದೆಯ ಮೇಲೆಲ್ಲ ಬೂದಿ ಬಣ್ಣದ ಕಲೆ ಬಿತ್ತು. ಕೊನೆಗೆ ಮೇಡಂ ತಾವೇ ಕಾರ್ಡು ಬರೆದರು. ಬರೆದದ್ದನ್ನು ನನಗೇ ಕೊಟ್ಟು ಅಂಚೆಪೆಟ್ಟಿಗೆಗೆ ಹಾಕು ಎಂದರು. "ದಯಮಾಡಿ ಬೇಗ ಬನ್ನಿ" ಎಂದು ಒಂದೇ ಸಾಲು ಇತ್ತು.

ಶಿವನಂಜಮ್ಮ ಬಂದ ಹೊತ್ತಿಗೆ ಪಡಸಾಲೆಯಲ್ಲಿ ಮೂರು ಮಿಷನ್ ಮಾತ್ರ ಓಡುತ್ತಿದ್ದವು. ಮೇಡಂ ನಾಲ್ಕನೆಯದರ ಮೇಲೆ ಬಗ್ಗಿ ಡಬ್ಬಿ ಹಿಡಿದಿದ್ದರು. ಅದರ ಪಕ್ಕದ ಮೇಜಿನ ಮೇಲೆ ನಾನು ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬಿ, ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದೆ. ಕಿಡಿ ಹಾರುತ್ತಿತ್ತು.

ಶಿವನಂಜಮ್ಮ ಎಂದೂ ಮೇಡಂ ಅವರನ್ನು ಮುಟ್ಟಿದವರಲ್ಲ. ಚೀಲ ಬಾಗಿಲಲ್ಲೇ ಬಿದ್ದಿತು. ಓಡಿ ಬಂದು ಅವರ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆದರು.

"ಕೆಂಡ ಅದೆ! ಕೆಂಡ ಕಾಣಕಿಲ್ವಾ ನಿಮ್ಗೆ?"

ಡಬ್ಬಿ ನೆಲಕ್ಕೆ ಬಿದ್ದು ಉರುಳಿತು. ಮಿಷನ್ನುಗಳು ನಿಂತವು. ನಾನು ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿಕೊಂಡು ಹಿತ್ತಿಲಿಗೆ ಓಡಿದೆ. ಹಿಂದಿರುಗಿ ಬಂದಾಗ ಶಿವನಂಜಮ್ಮ ಇನ್ನೂ ಮೇಡಂ ಅವರ ಕೈ ಬಿಟ್ಟಿರಲಿಲ್ಲ. ಹಾಗೇ ಕುಕ್ಕರಿಸಿ ಕೂತರು. ಆಗಲೇ ಗಂಡನ ಕೈಗಳ ಕತೆಯನ್ನು ಅವರು ನಮಗೆ ಹೇಳಿದ್ದು. ಅಷ್ಟು ವರ್ಷ ನರಸೀಪುರಕ್ಕೆ ಬಂದು ಹೋಗಿದ್ದರೂ ಯಾರಿಗೂ ಹೇಳಿರಲಿಲ್ಲ. ಸ್ಟೌವ್ ಹಚ್ಚಿದ್ದು ತಾನೇ ಎಂಬುದನ್ನು ಎರಡು ಸಲ ಹೇಳಿದರು.

"ಅಚ್ಚಿದ್ದು ನಾನೆಯ. ಕಾಫಿ ಬೇಕು ಅಂತ ಅವ್ರೇನು ಕೇಳಿರ್ಲಿಲ್ಲ."

ರಂಗನಾಯಕಿ ಮೇಡಂ ಒಳಗೆ ಹೋಗಿ ನೀರು ತಂದುಕೊಟ್ಟರು. ಶಿವನಂಜಮ್ಮ ಕುಡಿದು, ಮುಖ ಒರೆಸಿಕೊಂಡು, ಚೀಲ ತರಿಸಿಕೊಂಡು ನಾಲ್ಕನೇ ಮಿಷನ್ನಿನ ತಲೆಯನ್ನು ಹಿಂದಕ್ಕೆ ಮಲಗಿಸಿದರು. ಒಳಗೆ ದಾರದ ಧೂಳು ಅಂಟಂಟಾಗಿ ಗಂಟು ಕಟ್ಟಿತ್ತು. ನಾವು ಕಲೆ ಬಿದ್ದ ಷರ್ಟು ತೋರಿಸಿದೆವು; ಅವರು ಆ ಗಂಟನ್ನು ಕಿತ್ತು ಒಂದು ಬಿಳಿ ಬಟ್ಟೆಯ ಮೇಲೆ ಉಜ್ಜಿ ತೋರಿಸಿದರು. ಬೂದಿ ಬಣ್ಣದ ಗೆರೆ ಮೂಡಿತು.

"ಇದೇ ಕಣವ್ವ ನಿಮ್ ಷರ್ಟಿನ ಕಲೆ. ಧೂಳಲ್ಲ ಇದು, ಕಬ್ಬಿಣ. ಒಂದಕ್ಕೊಂದು ತಿಕ್ಕಾಡಿ ಸವ್ದಿರೋದು."

"ವಾರ ವಾರ ಹಾಕ್ತಿದ್ವಲ್ಲ?" ಎಂದರು ಮೇಡಂ.

"ಆಕ್ತಿದ್ರಿ. ಇದು ಬುಡ್ಸೋ ಎಣ್ಣೆ ಅಮ್ಮಾವ್ರೆ, ನಿಲ್ಲೋ ಎಣ್ಣೆ ಅಲ್ಲ. ಕಚ್ಕೊಂಡಿದ್ದನ್ನ ಬುಡಿಸ್ತದೆ, ಜಿಡ್ಡು ಕರಗಿಸ್ತದೆ, ನೀರ್ ಓಡಿಸ್ತದೆ. ಆಮೇಕೆ ತಾನೂ ಓಯ್ತದೆ. ನೀವು ಆಕಿದಾಗೆಲ್ಲ, ಇದ್ದ ಬದ್ದ ಮಿಷನ್ ಎಣ್ಣೇನೂ ತೊಳ್ಕೊಂಡು ಓಗ್ತದೆ. ಬಾಗ್ಲು ಕೀಲು ದಿನಕ್ಕೆ ನಾಕ್ ಸಲ ತಿರುಗ್ತದೆ, ಅದ್ಕೆ ಸಾಕು. ಇದು ನಿಮಿಸಕ್ಕೆ ಐನೂರು ಸಲ ಕುಟ್ತದೆ. ಇದ್ಕೆ ನಿಲ್ಲೋದು ಬೇಕು."

ಮೇಡಂ ನೆಲದ ಮೇಲೆ ಬಿದ್ದಿದ್ದ ಡಬ್ಬಿಯನ್ನು ಎತ್ತಿಟ್ಟರು. ಆಮೇಲೆ ಕೇಳಿದರು: "ಅವತ್ತೇ ಹೇಳಿದ್ರಿ ಅಲ್ವಾ ನೀವು?"

"ಏಳಿದ್ದೆ. ಮೆತ್ತಗೆ ಏಳಿದ್ದೆ."

"ಗಟ್ಟಿಯಾಗಿ ಹೇಳ್ಬಾರ್ದಿತ್ತಾ, ಶಿವನಂಜಮ್ಮ?"

"ಸಾಕಾಗಿತ್ತು ಕಣಮ್ಮ," ಎಂದರು ಅವರು. ಅದರಲ್ಲಿ ಕೊಂಕಿರಲಿಲ್ಲ. ಯಾರ ಮೇಲೂ ದೂರಿರಲಿಲ್ಲ. ಇಷ್ಟು ದಿನ ಹೊತ್ತ ಮೂಟೆಯನ್ನು ಒಂದು ನಿಮಿಷ ಇಳಿಸಿದವರ ದನಿ ಇತ್ತು.

ಆ ದಿನ ಮೇಡಂ ಶಿವನಂಜಮ್ಮನವರನ್ನು ತಮ್ಮ ಮನೆಗೆ ಕರೆದೊಯ್ದು ಊಟ ಹಾಕಿದರು. ಮಧ್ಯಾಹ್ನ ಮತ್ತೆ ಕೆಲಸ. ಬೆಲ್ಟುಗಳನ್ನೆಲ್ಲ ಕಳಚಿ, ಒಣ ಬಟ್ಟೆಯಲ್ಲಿ ತಿಕ್ಕಿ ಬಿಸಿಲಿಗೆ ಹಾಕಿಸಿ, ಕಪ್ಪುಹಲಗೆಯ ಸೀಮೆಸುಣ್ಣ ಪುಡಿಮಾಡಿ ಬಳಿಸಿದರು. ಜಾರುವುದು ನಿಂತಿತು. ಎರಡು ಮಿಷನ್ನಿನಲ್ಲಿ ಕೆಳಗಿನ ದಾರ ಹಿಡಿಯುವ ಷಟಲ್ ಸವೆದು ಹೋಗಿ, ಮೈಸೂರಿನಿಂದ ಹೊಸದು ತರಿಸಬೇಕಾಯಿತು. ಉಳಿದವು ಬದುಕಿದವು.

ಸಂಜೆ ಮೇಡಂ, "ಮೊದಲಿನ ಹಾಗೇ ತಿಂಗಳಿಗೊಂದ್ಸಲ ಬನ್ನಿ," ಎಂದರು.

ಶಿವನಂಜಮ್ಮ ಕೈ ಒರೆಸಿಕೊಳ್ಳುತ್ತ ತಲೆ ಅಲ್ಲಾಡಿಸಿದರು. "ಇಲ್ಲ ಅಮ್ಮಾವ್ರೆ. ಇನ್ನು ನಾಕ್ ಸಲ ಬತ್ತೀನಿ. ಅಷ್ಟ್ರಾಗೆ ಈ ಉಡ್ಗೇರಿಗೆ ಏಳ್ಕೊಡ್ತೀನಿ. ಅವರವರ ಮಿಷನ್ನು ಅವರವರೇ ನೋಡ್ಕಳ್ಳಿ."

"ಹಾಗಾದ್ರೆ ನಿಮ್ಮ ಕೆಲಸ?"

"ಕೆಲ್ಸಕ್ಕೇನು, ನಂಜನಗೂಡಾಗೆ ಕುಂತ್ರೂ ಬತ್ತದೆ. ಬಸ್ಸು ಸಾಕಾಗ್ಬುಟ್ಟದೆ ನಂಗೆ."

ಹೇಳಿದ ಹಾಗೆ ನಾಲ್ಕು ಸಲ ಬಂದರು. ಅದುವರೆಗೆ ಹೊಲಿಯುವುದು ನಮ್ಮ ಕೆಲಸ, ಮಿಷನ್ ಅವರ ಕೆಲಸ ಎಂದು ನಾವು ತಿಳಿದಿದ್ದೆವು. ಅವರು ಒಂದು ಸ್ಕ್ರೂವನ್ನೂ ಮುಟ್ಟಲಿಲ್ಲ. ಕೈ ಕಟ್ಟಿಕೊಂಡು ಹಿಂದೆ ನಿಂತು ನಮ್ಮ ಕೈಯಲ್ಲೇ ಬಿಚ್ಚಿಸಿದರು, ನಮ್ಮ ಕೈಯಲ್ಲೇ ಜೋಡಿಸಿದರು. ನನ್ನ ಮಿಷನ್ ಜೋಡಿಸಿದ ಮೇಲೆ ಒಂದು ತಿರುಪು ಮಿಕ್ಕಿತು. "ಅದು ಎಲ್ಲಿದ್ದು ಅಂತ ಅದ್ಕೆ ಗೊತ್ತು, ಕೇಳು," ಎಂದು ಮತ್ತೆ ಬಿಚ್ಚಿಸಿದರು. ಎಣ್ಣೆ ಬಿಡುವ ತೂತುಗಳನ್ನು ಲೆಕ್ಕ ಹಾಕಿಸಿದರು. ಒಂದೊಂದಕ್ಕೂ ಒಂದೇ ತೊಟ್ಟು. ಎರಡು ಬಿಟ್ಟವಳ ತಲೆಗೆ ಮೊಟಕುತ್ತಿದ್ದರು. ಎಣ್ಣೆ ಬಿಟ್ಟ ಮೇಲೆ ಚಿಂದಿ ಬಟ್ಟೆ ಇಟ್ಟು ಒಂದು ಗಜ ಹೊಲಿದು, ಆಮೇಲೆಯೇ ಒಳ್ಳೆಯ ಬಟ್ಟೆ ಮುಟ್ಟಬೇಕು. ಡಬ್ಬಿಯನ್ನು ಬಿಸಾಡಬೇಕೇ ಎಂದು ಮೇಡಂ ಕೇಳಿದರು.

"ಅಯ್ಯೋ, ಯಾಕ್ ಬಿಸಾಕೀರಿ? ನಂಗಿಂತ ಚೆಂದಾಗಿ ಕೆಲ್ಸ ಮಾಡ್ತದೆ ಅದು, ಅದ್ರ ಕೆಲ್ಸಾನ. ತಿರುಪು ಕಚ್ಕೊಂಡ್ರೆ ಆಕಿ. ಮಳೇಲಿ ನೆಂದ್ರೆ ಆಕಿ. ಒರೆಸಿ, ಮೇಲೆ ಮಿಷನ್ ಎಣ್ಣೆ ಬುಡಿ. ಕೆಂಡದ ಅತ್ರ ಬೇಡ, ಕಿಟಕಿ ಮುಚ್ಕೊಂಡು ಬೇಡ, ಅಷ್ಟೇಯ."

ಕೊನೆಯ ಸಲ ಬಂದಾಗ ಪುಕ್ಕದ ಕಟ್ಟನ್ನು ಕೇಂದ್ರಕ್ಕೇ ಬಿಟ್ಟು ಹೋದರು. ಮೇಡಂ ಒಂದು ಸೀರೆ ಕೊಟ್ಟರು. ಬೇಡ ಎನ್ನಲಿಲ್ಲ, ಚೀಲದಲ್ಲಿ ಎಣ್ಣೆ ತಗಲದ ಹಾಗೆ ಕಾಗದ ಸುತ್ತಿ ಇಟ್ಟುಕೊಂಡರು. ಆಮೇಲೆ ಯಾವುದೋ ಆಫೀಸಿನವರು ಇದನ್ನು ಕೇಳಿ, ಬೇರೆ ಊರಿನ ಕೇಂದ್ರಗಳಿಗೂ ಹೋಗಿ ಕಲಿಸಿ ಎಂದರಂತೆ. ಬದನವಾಳಿಗೆ ಒಂದು ಸಲ ಹೋಗಿ ಬಂದು, ಸಾಕು ಎಂದುಬಿಟ್ಟರಂತೆ.

ನಾನು ಕಲಿಕೆ ಮುಗಿಸಿ ತಲಕಾಡಿನಲ್ಲಿ ಮನೆಯ ಮುಂಭಾಗದಲ್ಲೇ ರವಿಕೆ ಹೊಲಿಯಲು ಕೂತೆ. ಎಂಬತ್ತಾರರಲ್ಲಿ ಹರಕೆ ತೀರಿಸಲು ನಂಜನಗೂಡಿಗೆ ಹೋದಾಗ, ಮಾರ್ಕೆಟ್ಟಿನ ಹತ್ತಿರ ಕೇಳಿಕೊಂಡು ಅವರ ಮನೆ ಹುಡುಕಿದೆ. ಮಧ್ಯಾಹ್ನ ಎರಡು ಗಂಟೆಯ ಬಿಸಿಲು. ಜಗುಲಿಯ ಮೇಲೆ ಒಬ್ಬ ಮುದುಕ ಗೋಡೆಗೆ ಒರಗಿ ಕೂತಿದ್ದರು. ಮಡಚಿದ ಬೆರಳು ನೋಡಿ ಗುರುಮಲ್ಲಪ್ಪನವರೇ ಎಂದು ತಿಳಿಯಿತು. ಅವರ ಮುಂದೆ ಒಬ್ಬ ದರ್ಜಿ ಮಿಷನ್ನಿನ ತಲೆಯನ್ನು ಹೆಗಲ ಮೇಲೆ ಹೊತ್ತು ನಿಂತಿದ್ದ, ಬೆವರು ಇಳಿಯುತ್ತಿತ್ತು.

"ಅಕ್ಕೋರ್ನ ಒಸಿ ಕರೀರಿ ಯಜಮಾನ್ರೆ. ಅರ್ಜೆಂಟು," ಎನ್ನುತ್ತಿದ್ದ.

"ಇಳ್ಸು ಅಲ್ಲೇ," ಎಂದರು ಗುರುಮಲ್ಲಪ್ಪ. "ಮಲಗವ್ಳೆ. ನಾಕ್ ಗಂಟೆ ಮೇಲೆ ಬಾ."

"ಒಂದ್ ನಿಮಿಸ ನೋಡ್ಬುಟ್ರೆ..."

"ಮಲಗವ್ಳೆ ಅಂದ್ನಲ್ಲಪ್ಪ."

ದರ್ಜಿ ಮಿಷನ್ ಇಳಿಸಿ ಹೋದ. ಗುರುಮಲ್ಲಪ್ಪ ನನ್ನ ಕಡೆ ತಿರುಗಿ, ನೀನು ಯಾರು ಎಂಬಂತೆ ನೋಡಿದರು. ನಾನು ತಲಕಾಡಿನ ಚಂಪಕ ಎಂದೆ, ನರಸೀಪುರದಲ್ಲಿ ಅವರ ಹತ್ತಿರ ಕಲಿತವಳು ಎಂದೆ. ಅವರು ಜಗುಲಿಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಚಾಪೆಯ ಮೇಲೆ ಶಿವನಂಜಮ್ಮ ಗೋಡೆಯ ಕಡೆ ಮುಖಮಾಡಿ ಮಲಗಿದ್ದರು, ಉಸಿರು ನಿಧಾನವಾಗಿ ಏರಿ ಇಳಿಯುತ್ತಿತ್ತು. ನಾಲ್ಕು ಗಂಟೆಯಾಗಲು ಇನ್ನೂ ಬಹಳ ಹೊತ್ತಿತ್ತು. ನಾನು ಕೂತುಕೊಂಡೆ.